ಗಾರೆ ಮೇಸ್ತ್ರಿಯ ನೆಂಟರು
ಅಜ್ಜನ ಕಾಲಕ್ಕೂ ಮುಂಚೆ ಕಟ್ಟಿದ ಊರಿನ ಚರ್ಚುಗಳೆಲ್ಲ ಗಾರೆ ಮೇಸ್ತ್ರಿಗೆ ನೆಂಟರು. ಎತ್ತರದ ಗೋಪುರದ್ದು ದೊಡ್ಡಮ್ಮ, ಕಮಾನು ಬಾಗಿಲಿನ ಪುಟ್ಟದ್ದು ಚಿಕ್ಕಮ್ಮ. ಸುಣ್ಣದ ಗಾರೆ ಕೀಳಿಸಿ ಸಿಮೆಂಟು ಬಳಿಸಿಕೊಂಡ ಮೂರನೆಯದರ ಮುಂದೆ ಮಾತ್ರ ಮುಖ ತಿರುಗಿಸಿಕೊಂಡೇ ಹೋಗುತ್ತಾನೆ. "ಗೋಡೆಗೆ ಉಸಿರು ಕಟ್ಟಿಸಿಬಿಟ್ರಲ್ಲ!" ಎಂದು ದಾರಿಹೋಕರನ್ನು ನಿಲ್ಲಿಸಿ ಗೊಣಗುತ್ತಾನೆ. ದೊಡ್ಡಮ್ಮನ ಗೋಡೆಗೆ ಕಿವಿಯಿಟ್ಟು ತಟ್ಟುವಾಗ, ಒಳಗೆ ಗಾರೆ ಬಿಟ್ಟುಕೊಂಡು ಟೊಳ್ಳು ಸದ್ದು ಬಂದರೆ, "ಮೊದಲೇ ಹೇಳಬಾರದಾ, ತಾಯಿ?" ಎಂದು ಗದರುತ್ತಾನೆ. ಅವನು ತೀಡಿದ ಗಾರೆಯ ಮೇಲೆ ನೊಣ ಕೂತರೂ ಜಾರಿಬೀಳಬೇಕು. ಆದರೆ ಅಲ್ಲೇ ಒಂದು ಕಿಟಕಿಯ ಕೆಳಗೆ, ಅವನಿಗೆ ಗಾರೆ ಹೊತ್ತುಕೊಡುತ್ತಿದ್ದ ಹೆಂಡತಿ ಎಂದೋ ತಮಾಷೆಗೆ ಹಸಿ ಗಾರೆಯಲ್ಲಿ ಒತ್ತಿದ ಅಂಗೈ ಗುರುತು ಹಾಗೇ ಇದೆ. ಆಕೆ ತೀರಿಕೊಂಡು ಎಷ್ಟೋ ವರ್ಷವಾಯಿತು. ಹೊಸ ಪಾದ್ರಿಗಳು, "ಇದೊಂದನ್ನ ಯಾಕೆ ಮುಚ್ಚಲಿಲ್ಲ, ಮೇಸ್ತ್ರಿ?" ಎಂದು ಕೇಳಿದರೆ, ಕರಣೆ ಒರೆಸುತ್ತ ಅನ್ನುತ್ತಾನೆ: "ಅದಿನ್ನೂ ಒಣಗಿಲ್ಲ, ಫಾದರ್."