ಅದ್ರಾಮಾಕನ ಉದ್ದದ ಮರಗಳು

ಅದ್ರಾಮಾಕ ನೆಲ ನೋಡಿ ನಡೆದದ್ದನ್ನು ನಾನು ಕಂಡಿಲ್ಲ. ಎಡವಿದರೂ ಬೈಗುಳ ಕಲ್ಲಿಗೆ, ಕಣ್ಣು ಮಾತ್ರ ಮರದ ತುದಿಗೆ. ಐವತ್ತರ ದಶಕದ ಕೊನೆಯಲ್ಲಿ ನಾನು ಕೋಡಿಂಬಾಳದ ಶಾಲೆಗೆ ಮಾಸ್ತರನಾಗಿ ಬಂದಾಗ ಬಾಡಿಗೆಗೆ ಸಿಕ್ಕಿದ ಕೋಣೆ ಅವರ ಸಾಗುವಾನಿ ತೋಪಿನ ಆಚೆ ಬದಿಗಿತ್ತು. ಊರವರ ಮರ ಕಡಿಸಿ ಲಾರಿಗೆ ಹೇರಿಸುವುದು ಅವರ ಕಸುಬು, ತನ್ನ ತೋಪಿನ ಒಂದು ಮರವನ್ನೂ ಮುಟ್ಟದಿರುವುದು ಅವರ ಹಠ.

ಸಸಿಗಳನ್ನು ಬೇಕೆಂದೇ ಒತ್ತೊತ್ತಾಗಿ ನೆಟ್ಟಿದ್ದರು. "ಜಾಗ ಕೊಟ್ಟರೆ ಮರ ಸೋಮಾರಿ ಆಗ್ತದೆ ಮಾಸ್ಟ್ರೆ. ಪಕ್ಕದವನು ಬಿಸಿಲು ಕದಿತಾನೆ ಅಂತ ಹೆದರಿಕೆ ಉಂಟಲ್ಲ, ಆ ಹೆದರಿಕೆಗೆ ಏರುದು," ಎನ್ನುತ್ತಿದ್ದರು. ಮಾತು ಸುಳ್ಳಲ್ಲ. ನಡುವಿನ ಮರಗಳು ಕೊಂಬೆಯೇ ಇಲ್ಲದೆ ನೆಟ್ಟಗೆ ಎದ್ದಿದ್ದವು, ಎರಡು ಕೈಯಲ್ಲಿ ಹಿಡಿದರೆ ಬೆರಳು ಕೂಡುವಷ್ಟು ಸಪೂರ. ಬಿಸಿಲು ಸಿಗದೆ ಸೋತವು ಅವುಗಳ ನಡುವೆ ನಿಂತಲ್ಲೇ ಸತ್ತಿದ್ದವು. ನನಗೆ ಅದರೊಳಗೆ ಹೋಗಲು ಮನಸ್ಸಾಗುತ್ತಿರಲಿಲ್ಲ.

ತೋಪಿನ ಬುಡಕ್ಕೇ ಅವರ ಮನೆ. ಗಾಳಿ ಬಂದಾಗ ಮರಕ್ಕೆ ಮರ ಉಜ್ಜುವ ಸದ್ದು ಅವರ ಹೆಂಡತಿ ಬೀಪಾತುಮ್ಮನಿಗೆ ಆಗದು. "ನಡುವಿನದ್ದು ಸ್ವಲ್ಪ ತೆಗೆಸಿ ಅಂತ ಎಷ್ಟು ಸಲ ಹೇಳುದು? ಬಿದ್ದರೆ ನಮ್ಮ ಮನೆ ಮಾಡಿಗೇ ಅಲ್ವಾ?" ಎಂದು ನನ್ನೆದುರೇ ಕೇಳಿದ್ದರು.

"ಒಂದಕ್ಕೊಂದು ಆಧಾರ ಉಂಟು. ಬೀಳುದು ಹೇಗೆ?" ಎಂದು ಅದ್ರಾಮಾಕ ನಕ್ಕರು.

ಪಶ್ಚಿಮದ ಅಂಚಿನ ಸಾಲು ಮಾತ್ರ ಗಿಡ್ಡ, ದಪ್ಪ. ಒಂದು ಬದಿಯ ಬಿಸಿಲು ಬೇಕಾದಷ್ಟು ಸಿಕ್ಕಿದ್ದರಿಂದ ಆ ಮರಗಳಿಗೆ ಏರುವ ಅವಸರವಿರಲಿಲ್ಲ. ಮಳೆಗಾಲದ ಗಾಳಿಯನ್ನು ತಡೆಯುತ್ತಿದ್ದುದು ಅವೇ. ಮಗಳ ಮದುವೆ ನಿಶ್ಚಯವಾದಾಗ ಅದ್ರಾಮಾಕನಿಗೆ ಅವುಗಳ ಬಗ್ಗೆ ನಾಚಿಕೆ ಶುರುವಾಯಿತು. "ಪಂಜದಿಂದ ಗಂಡಿನ ಕಡೆಯವರು ಬರುವಾಗ ಮಾರ್ಗಕ್ಕೆ ಈ ಗೂನು ಮರಗಳು ಕಾಣುದಾ?" ಎಂದು ಇಡೀ ಸಾಲನ್ನು ಕಡಿಸಿಯೇ ಬಿಟ್ಟರು. ಮದುವೆಗೆ ಬಂದವರು ಒಳಗಿನ ಉದ್ದದ ಮರಗಳನ್ನು ಕತ್ತೆತ್ತಿ ನೋಡಿದ್ದೇ ನೋಡಿದ್ದು. ಅಷ್ಟು ಖುಷಿಯಲ್ಲಿ ಅದ್ರಾಮಾಕನನ್ನು ನಾನು ಮತ್ತೆ ಕಾಣಲಿಲ್ಲ.

ಮುಂಗಾರು ಬಂತು. ಗಾಳಿ ನೇರ ಒಳಗೆ ನುಗ್ಗಿತು. ಮರಗಳು ಮನೆಯ ಕಡೆಗೆ ವಾಲತೊಡಗಿದವು. ಒಂದು ಮಧ್ಯಾಹ್ನ ಬೀಪಾತುಮ್ಮನನ್ನು ಶಾಲೆಗೆ ಕರೆತಂದು ಕೂರಿಸಿ ಮರಳಿ ಓಡಿದೆ. ಅದ್ರಾಮಾಕ ದಿಮ್ಮಿ ಬಿಗಿಯುವ ದಪ್ಪ ಹಗ್ಗಗಳನ್ನು ಹೊತ್ತು ತಂದು ಮರದಿಂದ ಮರಕ್ಕೆ ಕಟ್ಟುತ್ತಿದ್ದರು. ಹೊರಗೆ ಬನ್ನಿ ಎಂದು ಗಂಟಲು ಹರಿಯುವಂತೆ ಕೂಗಿದೆ.

"ಒಂದನ್ನೊಂದು ಹಿಡ್ಕೊಳ್ಳಲಿ ಮಾಸ್ಟ್ರೆ. ಇನ್ನೊಂದೇ ಗಂಟು," ಎಂದರು.

ಈಗ ಅಂಚಾಗಿದ್ದ ಸಾಲಿನ ಮರವೊಂದು ಬೇರುಸಮೇತ ಎದ್ದಿತು. ಹಗ್ಗ ಗಟ್ಟಿಯಿತ್ತು. ಅದು ಇನ್ನೊಂದನ್ನು ಎಳೆಯಿತು, ಇನ್ನೊಂದು ಮತ್ತೊಂದನ್ನು. ಅದ್ರಾಮಾಕ ಒಳಗಿದ್ದಂತೆಯೇ ತೋಪಿಗೆ ತೋಪೇ ಮಲಗಿತು. ಆ ಮನುಷ್ಯನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಗರಗಸ ಹಿಡಿದು ಬಂದ ಆಳುಗಳಿಗೆ ಎಲ್ಲಿಂದ ಶುರುಮಾಡುವುದೆಂದೇ ತಿಳಿಯಲಿಲ್ಲ. ಒಂದು ಮರ ಅಲುಗಿಸಿದರೆ ಉಳಿದವೂ ಅಲುಗುತ್ತಿದ್ದವು. ಬೀಪಾತುಮ್ಮ ಅರ್ಧ ಮಾಡು ಉಳಿದಿದ್ದ ಮನೆಯೊಳಗೆ ಹೋಗಿ, ಮೀನು ಕೊಯ್ಯುವ ಕತ್ತಿ ತಂದು ಒಬ್ಬನ ಕೈಗೆ ಕೊಟ್ಟರು.

"ಮೊದಲು ಹಗ್ಗ ಕೊಯ್ಯಿರಿ," ಎಂದರು. "ಅವರು ಎಲ್ಲಿದ್ದಾರೆ ಅಂತ ಮತ್ತೆ ನೋಡುವ."