ಕೊಕ್ಕೆ ಅಕ್ಕನ ನಲವತ್ತೊಂದು ಸಾಲು

ನ್ಯಾಯಾಲಯದ ಹಿಂಬದಿಯ ಮೊಗಸಾಲೆಯಲ್ಲಿ, ಮೂರನೆಯ ಕಂಬದ ಪಕ್ಕ ಅವಳ ಮೇಜು. ಇಪ್ಪತ್ತಾರು ವರ್ಷಗಳಿಂದ ವಕೀಲರ ಅರ್ಜಿ, ವಾದಪತ್ರಗಳನ್ನು ಟೈಪು ಮಾಡುತ್ತ ಅಲ್ಲೇ ಕೂತಿದ್ದಾಳೆ. ವಕೀಲರೆಲ್ಲ ಅವಳನ್ನು ಕೊಕ್ಕೆ ಅಕ್ಕ ಎನ್ನುತ್ತಿದ್ದರು. ಬೇರೆಯವರ ಪುಸ್ತಕದಿಂದ ಎತ್ತಿದ ಮಾತಿಗೆ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕದೆ, ಕೆಳಗೆ ಬರೆದವರ ಹೆಸರು, ಪುಟದ ಸಂಖ್ಯೆ ಕೊಡದೆ ಅವಳು ಕಾಗದ ಕೈಬಿಡುತ್ತಿರಲಿಲ್ಲ. ಆ ಚಿಹ್ನೆಗೆ ಅವಳ ಬಾಯಲ್ಲಿ ಕೊಕ್ಕೆ ಎಂದೇ ಹೆಸರು. ಅವಸರದಲ್ಲಿದ್ದ ವಕೀಲರಿಗೋ, ಅವಳು ಹಾಕುತ್ತಿದ್ದುದು ಇನ್ನೊಂದು ಬಗೆಯ ಕೊಕ್ಕೆ.

ಈ ಹಟ ಶಾಲೆಯಲ್ಲೇ ಹುಟ್ಟಿದ್ದು. ಅವಳು ಬರೆದ ಪ್ರಬಂಧವನ್ನು ಮೇಷ್ಟರ ಮಗಳು ತನ್ನದೆಂದು ವೇದಿಕೆಯಲ್ಲಿ ಓದಿ ಬಹುಮಾನ ಗೆದ್ದಾಗ, ಕೆಳಗೆ ಕೂತು ಎಲ್ಲರ ಜತೆ ಇವಳೂ ಚಪ್ಪಾಳೆ ತಟ್ಟಿದ್ದಳು.

ಒಂದು ಬೆಳಿಗ್ಗೆ ಕಿರಿಯ ವಕೀಲೆಯೊಬ್ಬಳು ದಪ್ಪ ಕಾನೂನು ಪುಸ್ತಕ ಹೊತ್ತು ಬಂದಳು. ನೆರೆಯವನು ಎತ್ತರದ ಗೋಡೆ ಎಬ್ಬಿಸಿ, ಹೊಲಿಗೆ ಕೆಲಸದ ವಿಧವೆಯೊಬ್ಬಳ ಕಿಟಕಿಗೆ ಬೆಳಕೇ ಬಾರದಂತೆ ಮಾಡಿದ್ದ. ಆ ವಿಧವೆಯ ಪರ ಇವಳ ವಾದ.

"ಅಕ್ಕಾ, ಈ ಅಧ್ಯಾಯ ಪೂರ್ತಿ ಇಳಿಸಿಬಿಡಿ. ಮೂವತ್ತು ಪುಟ ಅಷ್ಟೇ."

"ಇದರಲ್ಲಿ ನಿನ್ನ ಕೇಸಿಗೆ ಬೇಕಾದ ಮಾತು ಯಾವುದಮ್ಮ?"

"ಎಲ್ಲಾನೂ ಚೆನ್ನಾಗಿದೆ."

"ಚೆನ್ನಾಗಿರೋದು ಬೇರೆ, ಬೇಕಾಗಿರೋದು ಬೇರೆ. ಪೆನ್ಸಿಲ್ ತಗೊಂಡು ಗೆರೆ ಎಳಿ."

ವಕೀಲೆ ಮುಖ ಊದಿಸಿಕೊಂಡೇ ಗೆರೆ ಎಳೆದಳು. ಕೊನೆಗೆ ಉಳಿದದ್ದು ನಲವತ್ತೊಂದು ಸಾಲು. ಒಂದೊಂದರ ಕೆಳಗೂ ಅದು ಈ ಗೋಡೆಗೆ ಹೇಗೆ ಅನ್ವಯಿಸುತ್ತದೆಂದು ತನ್ನ ಮಾತಲ್ಲಿ ಬರೆದಳು. ವಿಧವೆ ಗೆದ್ದಳು.

ಮೂರು ತಿಂಗಳಲ್ಲಿ ಪುಸ್ತಕದ ಪ್ರಕಾಶಕರು ವಕೀಲೆಯ ಮೇಲೆ ದಾವೆ ಹೂಡಿದರು. ಅನುಮತಿ ಕೇಳದೆ ನಕಲು ಮಾಡಿದ್ದಾಳೆ, ಹಕ್ಕು ಕದ್ದಿದ್ದಾಳೆ ಎಂದು. ವಕೀಲೆ ಸಮನ್ಸು ಹಿಡಿದು ಮೊಗಸಾಲೆಗೆ ಓಡಿ ಬಂದಳು.

"ತಪ್ಪಾಯ್ತು ಅಂತ ಒಂದು ಕಾಗದ ಟೈಪ್ ಮಾಡಿಕೊಡಿ ಅಕ್ಕಾ. ಸಹಿ ಹಾಕಿ ಕಳಿಸಿಬಿಡ್ತೀನಿ."

ಕೊಕ್ಕೆ ಅಕ್ಕ ಕೀಲಿಮಣೆಯಿಂದ ಕೈ ತೆಗೆದಳು. "ಅದನ್ನ ನಾನು ಟೈಪ್ ಮಾಡಲ್ಲ. ಮಾಡದ ತಪ್ಪಿಗೆ ಸಹಿ ಯಾಕೆ? ನನ್ನನ್ನ ಸಾಕ್ಷಿಗೆ ಕರಿ."

ಮನೆಯಲ್ಲಿ ಗಂಡ, ನಿವೃತ್ತ ಬಸ್ ಚಾಲಕ, ಗೊಣಗಿದ. "ದೊಡ್ಡವರ ಜಗಳದಲ್ಲಿ ನೀನ್ಯಾಕೆ ಮೂಗು ತೂರಿಸ್ತೀಯ?"

"ಟೈಪ್ ಮಾಡಿದ ಕೈ ನಂದೇ ಅಲ್ವಾ? ಮೂಗು ಆಗಲೇ ಒಳಗಿದೆ ಬಿಡಿ."

ಸಾವಿರಾರು ಜನರ ಸಾಕ್ಷ್ಯ ಟೈಪು ಮಾಡಿದ್ದವಳು ತಾನೇ ಕಟಕಟೆ ಹತ್ತಿದ್ದು ಅದೇ ಮೊದಲು. ಪ್ರಕಾಶಕರ ಪರ ನಿಂತವರು, ವರ್ಷಗಟ್ಟಲೆ ಅವಳ ಕೈಯಲ್ಲೇ ಟೈಪು ಮಾಡಿಸಿಕೊಂಡ ಹಿರಿಯ ವಕೀಲರು.

"ನಿಮಗೆ ಕಾನೂನು ಗೊತ್ತಾ?"

"ಇಲ್ಲ ಸ್ವಾಮಿ. ಯಾವ ಮಾತು ಯಾರದು ಅನ್ನೋದು ಗೊತ್ತು."

ಮೂವತ್ತು ಪುಟ ನಲವತ್ತೊಂದು ಸಾಲಿಗೆ ಇಳಿದದ್ದನ್ನು ಅವಳು ಒಂದೂ ಬಿಡದೆ ಹೇಳಿದಳು. ಗೆರೆ ಎಳೆದ ಪುಸ್ತಕ ನ್ಯಾಯಾಧೀಶರ ಮೇಜಿಗೆ ಹೋಯಿತು. ಅವರು ಪುಟ ತಿರುವುತ್ತ ಕೇಳಿದರು, "ಉಳಿದದ್ದನ್ನ ಯಾಕೆ ಬಿಡಿಸಿದಿರಿ?"

"ಅದಕ್ಕೂ ಈ ಗೋಡೆಗೂ ಸಂಬಂಧ ಇರಲಿಲ್ಲ ಸ್ವಾಮಿ. ಬೇಕಾದವರು ಪುಸ್ತಕ ಕೊಂಡು ಓದಲಿ."

ಹಿಂದಿನ ಬೆಂಚುಗಳಲ್ಲಿ ನಗೆ ಎದ್ದಿತು. ಪ್ರಕಾಶಕರ ಪ್ರತಿನಿಧಿಯೂ ನಗು ತಡೆಯಲಾರದೆ ತಲೆ ತಗ್ಗಿಸಿದ.

ಹತ್ತು ದಿನಕ್ಕೆ ತೀರ್ಪು ಬಂತು. ನ್ಯಾಯಾಲಯದ ಮುಂದೆ ವಾದಿಸಲು ಬೇಕಾದಷ್ಟನ್ನೇ ತೆಗೆದುಕೊಂಡಿದ್ದಾರೆ. ಯಾರದೆಂದು ಕಾಣುವಂತೆ ಹೇಳಿದ್ದಾರೆ. ಈ ಸಾಲುಗಳನ್ನು ಓದಿದ ಮಾತ್ರಕ್ಕೆ ಪುಸ್ತಕ ಬೇಡವೆನ್ನುವವರು ಯಾರೂ ಇಲ್ಲ. ಇದು ನ್ಯಾಯವಾದ ಬಳಕೆ, ಕಳವಲ್ಲ. ದಾವೆ ವಜಾ. "ಟೈಪು ಮಾಡಿದ ಸಾಕ್ಷಿಯ ಎಚ್ಚರ ಶ್ಲಾಘನೀಯ" ಎಂಬ ವಾಕ್ಯವನ್ನು ನ್ಯಾಯಾಧೀಶರು ನಿಧಾನವಾಗಿ ಓದಿದರು.

ಮೊಗಸಾಲೆಯಲ್ಲಿ ಕಿರಿಯ ವಕೀಲೆ ಅವಳನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ಸೋತ ಹಿರಿಯ ವಕೀಲರು ಎಲ್ಲರೆದುರು ಅವಳಿಗೆ ಕೈಮುಗಿದರು.

ಹೇಳದೆ ಕೇಳದೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ಗಂಡ ಆ ಸಂಜೆ ಅವಳನ್ನು ಸುತ್ತುದಾರಿಯಲ್ಲಿ ಕರೆದೊಯ್ದ. ನ್ಯಾಯಾಧೀಶರು ಹೊಗಳಿದ್ದನ್ನು ಚಪ್ಪಲಿ ಅಂಗಡಿಯವನಿಗೆ ಹೇಳಿದ, ಹಣ್ಣಿನವಳಿಗೆ ಹೇಳಿದ, ಗಡಿಯಾರ ರಿಪೇರಿಯವನಿಗೆ ಎರಡು ಸಲ ಹೇಳಿದ. "ಸಾಕು ಸುಮ್ನಿರಿ, ಮಾನ ಹೋಗತ್ತೆ" ಎಂದು ಅವಳು ತೋಳು ಎಳೆಯುತ್ತಲೇ ಇದ್ದಳು. ಎಳೆಯುತ್ತಲೇ, ಪ್ರತಿ ಅಂಗಡಿಯ ಮುಂದೆಯೂ ಅವನು ಹೇಳಿ ಮುಗಿಸುವವರೆಗೆ ನಿಂತಳು.