ನಕಲಿಗೆ ನಾನು ಕಲಿಸಿದ ಉತ್ತರ

ಗಿರಿಜಾ, ಆ ತಪ್ಪು ನಿನ್ನದಲ್ಲ, ನನ್ನದು. ಅದು ನನಗೆ ಆವತ್ತೇ ಗೊತ್ತಿತ್ತು — ಗೊತ್ತಿದ್ದೇ ಸುಮ್ಮನಿದ್ದೆ.

ಎರಡು ಸಾವಿರದ ಒಂಬತ್ತರ ಸುಮಾರು. ಬಾಗಲಕೋಟೆಯ ನವನಗರದಲ್ಲಿ ನಾವಿಬ್ಬರೂ ಒಂದೇ ಖೋಲಿಯಲ್ಲಿದ್ದೆವು. ಒಂದೇ ಚಿಕ್ಕ ಆಫೀಸಿನಲ್ಲಿ ಜಾವಾ ಪ್ರೋಗ್ರಾಂ ಬರೆಯುತ್ತಿದ್ದೆವು. ಹುನಗುಂದದ ಒಂದು ದವಾಖಾನೆಯ ಕೆಲಸ ನಡೆದಿತ್ತು. ರೋಗಿಗೆ ಯಾವ ಔಷಧ ಒಗ್ಗುವುದಿಲ್ಲ ಎಂದು ಹಳೆಯ ದಾಖಲೆ ಹುಡುಕಿ ಹೇಳುವ ಮೆಥಡ್, ಅಂದರೆ ಪ್ರೋಗ್ರಾಮಿನ ಆ ತುಣುಕು, ನಿನ್ನದು. ಆ ಉತ್ತರ ನೋಡಿ, ಇಂಜೆಕ್ಷನ್ ಕೊಡಬಹುದೋ ಬೇಡವೋ ಎಂದು ನರ್ಸಿಗೆ ಪರದೆಯ ಮೇಲೆ ತೋರಿಸುವ ಭಾಗ ನನ್ನದು.

ನನ್ನ ಭಾಗವನ್ನಷ್ಟೇ ಪರೀಕ್ಷಿಸಲು ನಿನ್ನ ಮೆಥಡ್ ಜಾಗದಲ್ಲಿ ಒಂದು ನಕಲಿಯನ್ನು — ಮಾಕ್ ಎನ್ನುತ್ತಿದ್ದೆವಲ್ಲ — ಕೂರಿಸಿದ್ದೆ. ಯಾವ ರೋಗಿಯ ನಂಬರಿಗೆ ಅದು ಏನು ಉತ್ತರಿಸಬೇಕು ಎಂಬುದನ್ನು ನಾನೇ ಬರೆಯಬೇಕು. ನೀನು ನನ್ನ ಕುರ್ಚಿಯ ಹಿಂದೆ ನಿಂತು ಹೇಳಿದೆ: “ಸುಮಾ, ದಾಖಲೆ ಸಿಗಲಿಲ್ಲಂದ್ರ ನಂದು ಖಾಲಿ ಕೊಡ್ತೈತಿ. ಖಾಲಿ ಅಂದ್ರ ‘ತೊಂದ್ರಿ ಇಲ್ಲ’ ಅಂತಲ್ಲ, ‘ಗೊತ್ತಿಲ್ಲ’ ಅಂತ. ಅದನ್ನೂ ಹಾಕಿ ನೋಡು, ಮರೀಬ್ಯಾಡ.”

ಮರೆಯಲಿಲ್ಲ. ಹಾಕಿ ನೋಡಿದೆ. ಟೆಸ್ಟ್ ಫೇಲಾಗಿ ಕೆಂಪಾಯಿತು — ಖಾಲಿ ಉತ್ತರಕ್ಕೂ ನನ್ನ ಪರದೆ “ಕೊಡಬಹುದು” ಎನ್ನುತ್ತಿತ್ತು. ತಿದ್ದಲು ಎರಡು ದಿನವಾದರೂ ಬೇಕು. ಮರುದಿನವೇ ಹುನಗುಂದಕ್ಕೆ ಒಯ್ಯಬೇಕು. ನಮ್ಮ ಆಫೀಸಿನ ಮಾಲೀಕರೆದುರು “ಆಗಿಲ್ಲ” ಎನ್ನಲು ನಾಚಿಕೆ... ನಕಲಿಯ ಉತ್ತರವನ್ನೇ ಬದಲಿಸಿದೆ. ಯಾವ ನಂಬರ್ ಕೇಳಿದರೂ “ತೊಂದರೆ ಇಲ್ಲ” ಎನ್ನುವಂತೆ ಬರೆದೆ. ಎಲ್ಲ ಹಸಿರಾಯಿತು.

ಮೂರು ವಾರದಲ್ಲಿ ಆ ದವಾಖಾನೆಗೆ ಒಬ್ಬ ಬಾಣಂತಿ ಬಂದಳು. ಅವಳ ಹಳೆಯ ದಾಖಲೆ ಇನ್ನೂ ಕಂಪ್ಯೂಟರಿಗೆ ಏರಿರಲಿಲ್ಲ. ಪರದೆ ನಂಬಿ ನರ್ಸ್ ಇಂಜೆಕ್ಷನ್ ಕೊಟ್ಟರು. ಮೈತುಂಬ ದದ್ದೆದ್ದು ಉಸಿರು ಕಟ್ಟಿತು. ಡಾಕ್ಟರು ಅಲ್ಲೇ ಇದ್ದುದರಿಂದ ಬದುಕಿದಳು. ಅವಳ ಹೆಸರೇನೆಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಮಾಲೀಕರು ಇಬ್ಬರನ್ನೂ ಕರೆದರು. “ಯಾರ ತಪ್ಪಿದು?”

“ನಂದೆಲ್ಲಾ ಪಾಸ್ ಆಗೈತ್ರಿ ಸರ್,” ಎಂದು ಟೆಸ್ಟ್ ತೋರಿಸಿದೆ. “ಗಿರಿಜಾಂದು ಖಾಲಿ ಕೊಟ್ಟೈತಿ.”

ನೀನು ನನ್ನ ಕಡೆ ತಿರುಗಿದೆ. “ಸುಮಾ, ನಾ ನಿನಗ ಹೇಳಿದ್ನಲ್ಲ?”

“ನೆನಪಿಲ್ಲ,” ಎಂದೆ.

ಆ ವಾರವೇ ನಿನ್ನ ಕೆಲಸ ಹೋಯಿತು, ನೀನು ನಿನ್ನೂರಿಗೆ, ಇಳಕಲ್ ಬಸ್ ಹತ್ತಿದೆ. ನಾನು ನನ್ನ ಭಾಗದ ದೋಷವನ್ನು ಸದ್ದಿಲ್ಲದೆ ತಿದ್ದಿದೆ. ಮಾಲೀಕರು ಮೆಚ್ಚಿ ಮಾತಾಡಿದಾಗ ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡೆ. ಅವರು ಅದನ್ನು ವಿನಯ ಎಂದುಕೊಂಡರು.

ಹೋದ ತಿಂಗಳು ನಿಮ್ಮ ಮನೆಗೆ ಬಂದಿದ್ದೆ. ನೀನು ಸಾಲೆಯಲ್ಲಿ ಪಾಠ ಹೇಳಲು ಹೋಗಿದ್ದೆಯಂತೆ. ನಿಮ್ಮವ್ವ ಮಗ್ಗದಿಂದ ಎದ್ದು ಬಂದರು. ನನ್ನ ಹೆಸರು ಕೇಳಿ ಅವರ ಮುಖ ಅರಳಿತು — “ಒಂದ ಖೋಲ್ಯಾಗ ಇದ್ದಾಕಿ ನೀನ ಏನವಾ? ಭಾಳ ಛಲೋ ಹುಡುಗಿ ಅಂತ ಹೇಳ್ತಿದ್ಲು. ಕೂಡು, ಚಾ ಕುಡಿ.”

ನೀನು ಅವರಿಗೆ ಏನನ್ನೂ ಹೇಳಿರಲಿಲ್ಲ. ನಾನು ಚಹಾ ಕುಡಿದೆ. ನೀನು ಬರುವ ಮುಂಚೆಯೇ ಎದ್ದು ಬಂದೆ.

ಇದನ್ನೇ ಇನ್ನೊಂದು ಕಾಗದದಲ್ಲಿ ಬರೆದು ಮಾಲೀಕರಿಗೆ ಇವತ್ತು ಬೆಳಿಗ್ಗೆ ಅಂಚೆಗೆ ಹಾಕಿದೆ, ಗಿರಿಜಾ. ಅವರದನ್ನು ಮೊದಲು ಹಾಕಿದೆ — ನಿನಗೆ ಬರೆಯುತ್ತ ಬರೆಯುತ್ತ ನಾನು ಮತ್ತೆ ಹಿಂದೆ ಸರಿಯಬಾರದೆಂದು.